ಮುಳುಗದವರಿಗೂ ಒಂದು ಡೈವ್ ವಾಚು



ಡೈವ್ ವಾಚು, ಅಂದರೆ ಕಡಲಿನ ಆಳಕ್ಕೆ ಇಳಿಯುವವರಿಗೆಂದೇ ಮಾಡಿದ ಕೈಗಡಿಯಾರ, ಇವತ್ತು ಕಡಲಿನ ಆಳಕ್ಕೆ ಇಳಿಯುವವರಿಗೇ ಅಷ್ಟಾಗಿ ಬೇಕಿಲ್ಲ. 1980ರ ದಶಕದಲ್ಲಿ ಡೈವ್ ಕಂಪ್ಯೂಟರುಗಳು ಬಂದವು. ಎಷ್ಟು ಆಳದಲ್ಲಿದ್ದೀರಿ, ಇಳಿದು ಎಷ್ಟು ಹೊತ್ತಾಯಿತು, ಇನ್ನೆಷ್ಟು ಹೊತ್ತು ಇರಬಹುದು, ಮೇಲೇರುವಾಗ ಎಲ್ಲಿ ತಡೆದು ನಿಲ್ಲಬೇಕು, ಎಲ್ಲವನ್ನೂ ಅವೇ ಲೆಕ್ಕ ಹಾಕಿ ತೋರಿಸುತ್ತವೆ. ನಮ್ಮ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಸಲ ಸ್ಕೂಬಾ ಮಾಡುವವರನ್ನು 12 ಮೀಟರಿಗಿಂತ ಕೆಳಗೆ ಕರೆದೊಯ್ಯುವುದಿಲ್ಲ. ಪಕ್ಕದಲ್ಲೇ ತರಬೇತುದಾರ ಇರುತ್ತಾನೆ, ಲೆಕ್ಕವೆಲ್ಲ ಅವನದು. ನಿಮ್ಮ ಕೈಯಲ್ಲಿ ವಾಚು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

ಹಾಗಿದ್ದೂ ಜನ ಕೊಳ್ಳುತ್ತಾರೆ. ಬೆಂಗಳೂರಿನ ಕಚೇರಿಯಲ್ಲಿ ಕೂತು ಕೆಲಸ ಮಾಡುವವರು, ಈಜು ಬಾರದವರು, ಕಡಲನ್ನು ರಜೆಯಲ್ಲಿ ಮಾತ್ರ ನೋಡುವವರು 200 ಮೀಟರ್ ಆಳಕ್ಕೆ ತಾಳುವ ವಾಚನ್ನು ಕಟ್ಟಿಕೊಂಡು ಓಡಾಡುತ್ತಾರೆ. ನನಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಮೂವತ್ತು ಸಾವಿರ ರೂಪಾಯಿಯ ಒಳಗೆ ಸಿಗುವ ವಾಚುಗಳಲ್ಲಿ, ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು ಎಂದು ಕೈಯಿಂದ ಮುಟ್ಟಿ ನೋಡಬಹುದಾದದ್ದು ಈ ಜಾತಿಯೊಂದೇ. ಮದುವೆ ಮನೆಗೆ ಕಟ್ಟುವ ತೆಳು ವಾಚಿನಲ್ಲಿ ಆ ಬೆಲೆಗೆ ಸಿಗುವುದು ಹೆಚ್ಚಾಗಿ ಮೆರುಗು. ಡೈವ್ ವಾಚಿನಲ್ಲಿ ಸಿಗುವುದು ಬೀಗ: ನೀರು, ಧೂಳು, ಬೆವರು ಒಳಗೆ ನುಗ್ಗದಂತೆ ಹಾಕಿದ ಬೀಗ. ಕೊಳ್ಳುವಾಗ ನೋಡಬೇಕಾದದ್ದೂ ಅದನ್ನೇ. ಡಯಲಿನ ಬಣ್ಣ, ಮುಳ್ಳಿನ ಆಕಾರ, ಯಾವ ಸಿನಿಮಾದಲ್ಲಿ ಯಾರು ಕಟ್ಟಿದ್ದರು ಎಂಬುದೆಲ್ಲ ಆಮೇಲಿನ ಮಾತು.

ನೀರಿಗೂ ಗಡಿಯಾರಕ್ಕೂ ಹಗೆ ಹಳೆಯದು. 1927ರ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೈಟ್ಜ್ ಎಂಬ ಇಂಗ್ಲಿಷ್ ಈಜುಗಾರ್ತಿ ಇಂಗ್ಲಿಷ್ ಕಾಲುವೆಗೆ ಇಳಿದಾಗ ಕೊರಳಲ್ಲಿ ಒಂದು ರೋಲೆಕ್ಸ್ ಆಯ್‌ಸ್ಟರ್ ನೇತುಹಾಕಿಕೊಂಡಿದ್ದಳು. ಚಳಿ ತಡೆಯಲಾರದೆ, ಹತ್ತು ಗಂಟೆ ಕಾಲ ಈಜಿದ ಮೇಲೆ ಆಕೆಯನ್ನು ನೀರಿನಿಂದ ಎತ್ತಬೇಕಾಯಿತು. ವಾಚು ಮಾತ್ರ ನಡೆಯುತ್ತಲೇ ಇತ್ತು. ಕಂಪನಿಯ ಒಡೆಯ ಹ್ಯಾನ್ಸ್ ವಿಲ್ಸ್‌ಡಾರ್ಫ್ ಮರು ತಿಂಗಳು ಡೈಲಿ ಮೇಲ್ ಪತ್ರಿಕೆಯ ಮುಖಪುಟವನ್ನೇ ಕೊಂಡು ಜಾಹೀರಾತು ಹಾಕಿಸಿದ. ವಾಚಿನ ವ್ಯಾಪಾರದಲ್ಲಿ ಯಂತ್ರದಷ್ಟೇ ಕಥೆಯೂ ಮಾರಾಟವಾಗುತ್ತದೆ ಎಂಬುದು ಅಂದಿನಿಂದಲೂ ನಿಜ.

ನಿಜವಾದ ಡೈವ್ ವಾಚು ಬಂದದ್ದು 1953ರಲ್ಲಿ. ಸ್ವಿಟ್ಜರ್ಲೆಂಡಿನ ಬ್ಲಾಂಪಾ ಕಂಪನಿಯ ಮುಖ್ಯಸ್ಥ ಜಾನ್ ಜಾಕ್ ಫೀಶ್ಟರ್ ಸ್ವತಃ ಮುಳುಗು ಹುಚ್ಚಿನವನು. ಒಮ್ಮೆ ನೀರಿನೊಳಗೆ ಹೊತ್ತಿನ ಪರಿವೆ ತಪ್ಪಿ, ಸಿಲಿಂಡರಿನ ಗಾಳಿ ಮುಗಿದು, ಹೇಗೋ ಮೇಲೆ ಬಂದು ಬದುಕಿದ. ನೀರಿನಡಿ ಬೇಕಾದದ್ದು ‘ಈಗ ಗಂಟೆ ಎಷ್ಟು’ ಎಂಬ ಉತ್ತರವಲ್ಲ, ‘ಇಳಿದು ಎಷ್ಟು ನಿಮಿಷವಾಯಿತು’ ಎಂಬ ಉತ್ತರ ಎಂದು ಅವನಿಗೆ ಅರ್ಥವಾಯಿತು. ಅದೇ ಹೊತ್ತಿಗೆ ಫ್ರೆಂಚ್ ನೌಕಾಪಡೆಯ ಮುಳುಗು ಯೋಧರ ತುಕಡಿ ಕಟ್ಟುತ್ತಿದ್ದ ಕ್ಯಾಪ್ಟನ್ ರಾಬರ್ಟ್ ಮಲೂಬಿಯೆ ಕೂಡ ಇಂಥದೊಂದನ್ನು ಹುಡುಕುತ್ತಿದ್ದ. ಕಪ್ಪು ಡಯಲು, ಕತ್ತಲಲ್ಲಿ ಹೊಳೆಯುವ ದೊಡ್ಡ ಗುರುತುಗಳು, ಸುತ್ತ ತಿರುಗಿಸಬಹುದಾದ ಅಂಚು. ಹೀಗೆ ಹುಟ್ಟಿದ್ದು ಫಿಫ್ಟಿ ಫ್ಯಾದಮ್ಸ್, ಅಂದರೆ 50 ಮಾರು, ಸುಮಾರು 91 ಮೀಟರ್ ಆಳ. ರೋಲೆಕ್ಸಿನ ಸಬ್‌ಮರೀನರ್ ಕೂಡ ಅದೇ ವರ್ಷದ್ದು. ಎಪ್ಪತ್ತು ವರ್ಷ ಕಳೆದರೂ ಆ ಮುಖಚಹರೆ ಬದಲಾಗಿಲ್ಲ. ಇವತ್ತು ಹದಿನೈದು ಸಾವಿರಕ್ಕೆ ಸಿಗುವ ವಾಚಿನಲ್ಲೂ ಅದೇ ಇದೆ.

ಈಗ ಬೀಗದ ವಿಚಾರ. ಕಡಲಿನಲ್ಲಿ ಪ್ರತಿ 10 ಮೀಟರ್ ಇಳಿದಾಗ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. 200 ಮೀಟರಿನಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 20 ಕಿಲೋ ಕೂತಂತೆ. ವಾಚಿನ ಗಾಜು 30 ಮಿಲಿಮೀಟರ್ ಅಗಲವಿದ್ದರೆ ಅದರ ಮೇಲೆ ಒಟ್ಟು 140 ಕಿಲೋ. ಇಬ್ಬರು ಗಂಡಸರು ಒಂದೇ ಕಾಲಿನಲ್ಲಿ ನಿಮ್ಮ ವಾಚಿನ ಗಾಜಿನ ಮೇಲೆ ನಿಂತ ಲೆಕ್ಕ. ವಿನೋದಕ್ಕೆ ಮುಳುಗುವವರು ಯಾರೂ ವಾಚು ಕಟ್ಟಿಕೊಂಡು 200 ಮೀಟರಿಗೆ ಹೋಗುವುದಿಲ್ಲ, ಅವರ ಎಲ್ಲೆ 40 ಮೀಟರ್. ಹಾಗಾದರೆ 200 ಎಂಬ ಅಂಕಿ ಯಾಕೆ? 30 ಮೀಟರ್ ಎಂದು ಬರೆದ ವಾಚನ್ನು ಕಟ್ಟಿಕೊಂಡು ಈಜಬೇಡಿ ಎಂದು ಅಂಗಡಿಯವರೇ ಹೇಳುವುದು ಯಾಕೆ?

ಇದಕ್ಕೆ ಅನೇಕರು ಕೊಡುವ ಕಾರಣ, ನೀರಿನಲ್ಲಿ ಕೈ ಬೀಸಿದಾಗ ಒತ್ತಡ ವಿಪರೀತ ಏರುತ್ತದೆ ಎನ್ನುವುದು. ಲೆಕ್ಕ ಹಾಕಿ ನೋಡಿದರೆ ಅದು ನಿಲ್ಲುವುದಿಲ್ಲ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ, ಅಂದರೆ ಯಾವ ಈಜುಗಾರನಿಗೂ ಸಾಧ್ಯವಿಲ್ಲದ ವೇಗದಲ್ಲಿ ಕೈ ಬೀಸಿದರೂ ಹೆಚ್ಚುವ ಒತ್ತಡ 5 ಮೀಟರ್ ಆಳದ್ದಕ್ಕೆ ಸಮ. ನಿಜವಾದ ಕಾರಣ ಬೇರೆ. 30 ಮೀಟರ್ ಎಂದರೆ ವಾಚು ಹೊಸದಾಗಿದ್ದಾಗ, ಕಾರ್ಖಾನೆಯಲ್ಲಿ, ಅಲುಗಾಡದೆ ಇದ್ದಾಗ ತಾಳಿದ ಒತ್ತಡ. ತಯಾರಾದ ಪ್ರತಿಯೊಂದು ವಾಚನ್ನೂ ಪರೀಕ್ಷಿಸಿರಬೇಕೆಂಬ ನಿಯಮವೂ ಇಲ್ಲ. ಎರಡು ಮೂರು ವರ್ಷ ಬೆವರು, ಸೋಪು, ಬಿಸಿಲು ತಿಂದ ಮೇಲೆ ಅದರ ಕಥೆ ಬೇರೆ.

ಡೈವ್ ವಾಚಿಗಾದರೋ ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಒಂದೊಂದು ವಾಚನ್ನೂ ನೀರಿನ ಒತ್ತಡಕ್ಕೆ ಒಡ್ಡಬೇಕು, ಅದೂ ಬರೆದ ಆಳಕ್ಕಿಂತ ಕಾಲು ಪಾಲು ಹೆಚ್ಚಿನ ಒತ್ತಡಕ್ಕೆ. 200 ಎಂದು ಬರೆಯಬೇಕಾದರೆ 250 ಮೀಟರಿನ ಒತ್ತಡದಲ್ಲಿ ಎರಡು ಗಂಟೆ ಇರಬೇಕು. ಒಳಗೆ ತೇವ ಸೇರಿದೆಯೇ ಎಂದು ಕಂಡುಹಿಡಿಯುವ ಪರೀಕ್ಷೆ ನನಗೆ ಬಹಳ ಇಷ್ಟ. ವಾಚನ್ನು 40ರಿಂದ 45 ಡಿಗ್ರಿಗೆ ಬಿಸಿ ಮಾಡಿ, ಗಾಜಿನ ಮೇಲೆ ಒಂದು ತೊಟ್ಟು ತಣ್ಣೀರು ಬಿಟ್ಟು, ಒಂದು ನಿಮಿಷ ಕಾದು ಒರೆಸಬೇಕು. ಗಾಜಿನ ಒಳಮೈಗೆ ಆವಿ ಕಟ್ಟಿದ್ದರೆ ವಾಚು ಫೇಲು. ಜೊತೆಗೆ ಕಗ್ಗತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಮುಳ್ಳುಗಳು ಕಾಣಬೇಕು, ವಾಚು ನಿಂತಿಲ್ಲ ಎಂಬುದೂ ಕಾಣಬೇಕು. ಹಾಗಾಗಿಯೇ ಸೆಕೆಂಡಿನ ಮುಳ್ಳಿಗೂ ಹೊಳೆಯುವ ಚುಕ್ಕೆ ಇರುತ್ತದೆ. ಉಪ್ಪುನೀರು, ಏಟು, ಅಯಸ್ಕಾಂತ, ಇವಕ್ಕೂ ಪರೀಕ್ಷೆಯುಂಟು. ಇದನ್ನೆಲ್ಲ ದಾಟಿದ ವಾಚಿನ ಮೇಲೆ ‘ಡೈವರ್ಸ್ 200 ಮೀ.’ ಎಂದು ಬರೆದಿರುತ್ತದೆ. ‘ವಾಟರ್ ರೆಸಿಸ್ಟೆಂಟ್ 200 ಮೀ.’ ಎಂದಷ್ಟೇ ಇದ್ದರೆ ವಾಚು ಗಟ್ಟಿಯದೇ ಇರಬಹುದು, ಆದರೆ ಈ ಪರೀಕ್ಷೆಗಳಿಗೆ ಕಂಪನಿ ಜವಾಬು ಹೇಳುತ್ತಿಲ್ಲ ಎಂದು ತಿಳಿಯಿರಿ.

ಇಷ್ಟೆಲ್ಲ ಭದ್ರತೆ ನಿಂತಿರುವುದು ದಾರದಷ್ಟು ದಪ್ಪದ ಮೂರು ರಬ್ಬರ್ ಉಂಗುರಗಳ ಮೇಲೆ. ಒಂದು ಗಾಜಿನಡಿ, ಒಂದು ಹಿಂಬದಿಯ ಮುಚ್ಚಳದಲ್ಲಿ, ಒಂದು ಕೀಲಿ ಕೊಡುವ ತಿರುಪಿನಲ್ಲಿ. ಕುಕ್ಕರಿನ ಗ್ಯಾಸ್ಕೆಟ್ ಹೇಗೋ ಇವೂ ಹಾಗೆಯೇ: ಹೊಸದಿದ್ದಾಗ ಮೆತ್ತಗೆ, ಕಾಲ ಕಳೆದಂತೆ ಗಡುಸು, ಆಮೇಲೆ ಬಿರುಕು. ಬೆಂಗಳೂರಿನ ಅವೆನ್ಯೂ ರಸ್ತೆಯ ಕಡೆ ಚಿಕ್ಕ ಗೂಡಂಗಡಿಯಲ್ಲಿ ಕೂರುವ ಒಬ್ಬ ರಿಪೇರಿಯವರು ನನ್ನೆದುರಿಗೇ ಇಂಥದೊಂದು ವಾಚಿನ ಹಿಂಬದಿ ಬಿಚ್ಚಿದರು. ಗಿರಾಕಿ ಒಬ್ಬರು ದಿನಾ ಬಿಸಿನೀರಿನ ಸ್ನಾನಕ್ಕೂ ಕಟ್ಟಿಕೊಳ್ಳುತ್ತಿದ್ದ ವಾಚು. ಮುಚ್ಚಳದ ಎಳೆಗಳಲ್ಲಿ ಸೋಪು ಮತ್ತು ಬೆವರಿನ ಕಂದು ಜಿಡ್ಡು ಗಟ್ಟಿಯಾಗಿ ಕೂತಿತ್ತು. ಗ್ಯಾಸ್ಕೆಟ್ಟನ್ನು ಸೂಜಿಯಿಂದ ಎತ್ತಿದರೆ ಅದು ಉಂಗುರವಾಗಿ ಬರಲಿಲ್ಲ, ಎರಡು ತುಂಡಾಗಿ ಬಂತು. ಒಳಗೆ ಯಂತ್ರದ ಮೊಳೆಯ ಸುತ್ತ ತುಕ್ಕು, ಡಯಲಿನ ಅಂಚಿನಲ್ಲಿ ಬಣ್ಣ ಉಬ್ಬಿತ್ತು. ರಿಪೇರಿಯವರು ಏನೂ ಹೇಳಲಿಲ್ಲ, ಹೊಸ ಗ್ಯಾಸ್ಕೆಟ್ಟಿಗೆ ಸಿಲಿಕಾನ್ ಗ್ರೀಸು ಸವರುತ್ತ ಬೆಲೆ ಮಾತ್ರ ಹೇಳಿದರು. ಒಂದು ಹೋಟೆಲ್ ಊಟದ ಬೆಲೆ. ಅದನ್ನು ಎರಡು ವರ್ಷ ಮೊದಲೇ ಹಾಕಿಸಿದ್ದರೆ ಇಡೀ ಯಂತ್ರ ಉಳಿಯುತ್ತಿತ್ತು.

ತಣ್ಣನೆಯ ಕಡಲಿಗಿಂತ ಬಿಸಿನೀರಿನ ಬಚ್ಚಲೇ ವಾಚಿಗೆ ದೊಡ್ಡ ಶತ್ರು. ಬಿಸಿಯಲ್ಲಿ ಲೋಹ, ಗಾಜು, ರಬ್ಬರು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಸೋಪಿನ ನೀರು ಸಂದಿಗಿಳಿಯುತ್ತದೆ. ದೀಪಾವಳಿಯ ಎಣ್ಣೆಸ್ನಾನಕ್ಕೆ, ಹಂಡೆಯ ಹಬೆಗೆ, 200 ಮೀಟರಿನ ವಾಚನ್ನೂ ಬಿಚ್ಚಿಟ್ಟೇ ಹೋಗಿ.

ಗಾಜು, ಮುಚ್ಚಳಕ್ಕಿಂತ ತಿರುಪೇ ದುರ್ಬಲ ಜಾಗ, ಅದು ಅಲುಗಾಡುವ ಭಾಗವಾದ್ದರಿಂದ. ಒಳ್ಳೆಯ ಡೈವ್ ವಾಚಿನಲ್ಲಿ ತಿರುಪನ್ನು ಮರೆಯದೆ ಒಳಕ್ಕೆ ತಿರುಗಿಸಿ ಬಿಗಿ ಮಾಡಬೇಕು, ಅಂದರೆ ಸ್ಕ್ರೂ ಡೌನ್. ಇದಿಲ್ಲದ ವಾಚನ್ನು ಡೈವ್ ವಾಚು ಎಂದು ಯಾರು ಮಾರಿದರೂ ನಂಬಬೇಡಿ. ಇದ್ದೂ ಬಿಗಿ ಮಾಡಲು ಮರೆತರೆ 200 ಮೀಟರಿನ ವಾಚು ಬಕೆಟ್ಟಿನಲ್ಲೇ ಮುಳುಗುತ್ತದೆ.

ಇನ್ನು ಅಂಚು, ಬೆಜೆಲ್. ಅದರ ಮೇಲೊಂದು ತ್ರಿಕೋನ ಇರುತ್ತದೆ. ನೀರಿಗಿಳಿಯುವಾಗ ತ್ರಿಕೋನವನ್ನು ನಿಮಿಷದ ಮುಳ್ಳಿನ ಎದುರಿಗೆ ತಂದು ನಿಲ್ಲಿಸಿದರೆ, ಆಮೇಲೆ ಮುಳ್ಳು ಅಂಚಿನ ಮೇಲೆ ತೋರಿಸುವ ಅಂಕಿಯೇ ಕಳೆದ ನಿಮಿಷ. ಅಂಚು ಎಡಕ್ಕೆ ಮಾತ್ರ ತಿರುಗುತ್ತದೆ, ಬಲಕ್ಕೆ ತಿರುಗುವುದಿಲ್ಲ. ಯಾಕೆಂದರೆ ಬಂಡೆಗೋ ಸಿಲಿಂಡರಿಗೋ ತಾಗಿ ಅದು ಸರಿದರೂ ಕಳೆದ ಸಮಯ ಇದ್ದದ್ದಕ್ಕಿಂತ ಹೆಚ್ಚಾಗಿ ತೋರಬೇಕು, ಕಡಿಮೆಯಾಗಿ ಎಂದೂ ತೋರಬಾರದು. ಹಳೆಯ ಡೈವ್ ಪಟ್ಟಿಗಳ ಕಾಲದಲ್ಲಿ ಇದು ಜೀವದ ಪ್ರಶ್ನೆ. ಸ್ಕೂಬಾ ಕಲಿಸುವ ಪ್ಯಾಡಿ ಸಂಸ್ಥೆಯ ಪಟ್ಟಿಯಂತೆ 18 ಮೀಟರಿನಲ್ಲಿ 56 ನಿಮಿಷ ಇರಬಹುದು, 30 ಮೀಟರಿನಲ್ಲಿ ಬರೇ 20. ಐದು ನಿಮಿಷ ಮುಂಚೆ ಮೇಲೆ ಬಂದವನಿಗೆ ನಷ್ಟವಿಲ್ಲ, ಐದು ನಿಮಿಷ ತಡಮಾಡಿದವನ ರಕ್ತದಲ್ಲಿ ನೈಟ್ರೋಜನ್ ಗುಳ್ಳೆ ಕಟ್ಟೀತು.

ಮುಳುಗದವರಿಗೂ ಈ ಅಂಚೇ ವಾಚಿನ ಅತ್ಯುಪಯುಕ್ತ ಭಾಗ. ಇಡ್ಲಿ ಬೇಯಿಸುವುದಕ್ಕೆ, ಪಾರ್ಕಿಂಗ್ ಹೊತ್ತು ನೋಡುವುದಕ್ಕೆ, ಸಭೆಯಲ್ಲಿ ಭಾಷಣಕಾರರು ಎಷ್ಟು ಹೊತ್ತಿನಿಂದ ಮಾತಾಡುತ್ತಿದ್ದಾರೆ ಎಂದು ಯಾರಿಗೂ ತಿಳಿಯದಂತೆ ಅಳೆಯುವುದಕ್ಕೆ. ನಾನೂ ಈ ರೇಡಿಯೋ ಸ್ಟುಡಿಯೋದಲ್ಲಿ ಕೂತ ಕೂಡಲೇ ತ್ರಿಕೋನ ತಿರುಗಿಸಿ ಇಟ್ಟಿದ್ದೇನೆ. ಗಾಜಿನಾಚೆ ಕೂತವರು ಕೈಸನ್ನೆ ಮಾಡುವ ಮೊದಲೇ ನನಗೆ ತಿಳಿಯುತ್ತದೆ. ಅಂಗಡಿಯಲ್ಲಿ ಅಂಚನ್ನು ತಿರುಗಿಸಿ ನೋಡಿ. ಪ್ರತಿ ಹೆಜ್ಜೆಗೂ ಕಟ್ ಎಂದು ಕೂರಬೇಕು, ಹಿಂದಕ್ಕೂ ಮುಂದಕ್ಕೂ ಲೊಡಲೊಡ ಅನ್ನಬಾರದು, ತ್ರಿಕೋನ ಸರಿಯಾಗಿ ಹನ್ನೆರಡರ ನೇರಕ್ಕೆ ನಿಲ್ಲಬೇಕು. ಅಗ್ಗದ ವಾಚುಗಳಲ್ಲಿ ಕಂಪನಿ ಕೈ ಬಿಗಿ ಹಿಡಿಯುವುದು ಸಾಮಾನ್ಯವಾಗಿ ಇಲ್ಲೇ.

ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಮ್ಮವರಿಗೆ ಅದು ಹೊಸದಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದ ಮೇಲೆ ಕೀಲಿ ಕೊಡುವ ಜನತಾ ವಾಚು ಯಾವ ಮನೆಯಲ್ಲಿರಲಿಲ್ಲ? ಕೀಲಿ ಕೊಡಬೇಕಿಲ್ಲದ ಆಟೊಮ್ಯಾಟಿಕ್ ವಾಚುಗಳನ್ನೂ ಎಚ್‌ಎಂಟಿ ಮಾಡಿತು. ಆಟೊಮ್ಯಾಟಿಕ್‌ನಲ್ಲಿ ಸೆಲ್ ಇಲ್ಲ. ಕೈ ಆಡಿದಂತೆ ಒಳಗೆ ಅರ್ಧಚಂದ್ರದಂಥ ರೋಟರ್ ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಬಿಚ್ಚಿಟ್ಟರೆ ಸುಮಾರು 40 ಗಂಟೆ ನಡೆಯುತ್ತದೆ. ಶುಕ್ರವಾರ ಸಂಜೆ ಬಿಚ್ಚಿಟ್ಟದ್ದು ಸೋಮವಾರ ಬೆಳಗ್ಗೆ ನಿಂತಿದ್ದರೆ ವಾಚು ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ.

ಆದರೆ ಸಮಯದ ನಿಖರತೆ ಬೇಕಾದವರು ಈ ದಾರಿಗೆ ಬರಬಾರದು. ದಿನಕ್ಕೆ 86,400 ಸೆಕೆಂಡು. ಜಪಾನಿನ ಸೀಕೋ ಕಂಪನಿಯ 4ಆರ್36 ಎಂಬ ಯಂತ್ರ ದಿನಕ್ಕೆ 45 ಸೆಕೆಂಡು ಮುಂದೆ ಅಥವಾ 35 ಸೆಕೆಂಡು ಹಿಂದೆ ಹೋದರೂ ಕಂಪನಿಯ ಲೆಕ್ಕದಲ್ಲಿ ಸರಿಯೇ. ಮಾಮೂಲಿ ಕ್ವಾರ್ಟ್ಜ್ ವಾಚು ಒಂದು ತಿಂಗಳಲ್ಲಿ ತಪ್ಪುವಷ್ಟನ್ನು ಇದು ಒಂದೇ ದಿನದಲ್ಲಿ ತಪ್ಪಬಹುದು. ಕೈಗೆ ಬಂದ ವಾಚುಗಳು ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಪರೀಕ್ಷಿಸಲು ಸುಲಭ ದಾರಿ ನಿಮ್ಮ ಮುಂದೆಯೇ ಇದೆ: ವಾರ್ತೆಗೆ ಮುಂಚೆ ಬರುವ ಆಕಾಶವಾಣಿಯ ಪಿಪ್ ಸದ್ದು. ಒಂದು ವಾರ ದಿನಾ ಅದಕ್ಕೆ ಹೋಲಿಸಿ ಬರೆದಿಟ್ಟುಕೊಳ್ಳಿ. ಮೊಬೈಲ್ ಆ್ಯಪಿನಲ್ಲಿ ಕೇಳುವವರು ಈ ಕೆಲಸಕ್ಕೆ ಹೋಗಬೇಡಿ, ಅಲ್ಲಿ ಸದ್ದು ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಸ್ಪೀಕರಿನ ಅಥವಾ ಇನ್ನಾವುದೋ ಅಯಸ್ಕಾಂತ ತಾಗಿರಬೇಕು. ವಾಚಿಗೆ ಹತ್ತಿದ ಆ ಕಾಂತಗುಣವನ್ನು ರಿಪೇರಿಯವರು ಅರೆ ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಇನ್ನೊಂದು, ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರ ನಡುವೆ ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ಚಕ್ರಗಳು ತಾವೇ ತಾರೀಖು ತಿರುಗಿಸುವ ಕೆಲಸದಲ್ಲಿರುತ್ತವೆ, ಹಲ್ಲು ಮುರಿದೀತು.

ಯಾವುದನ್ನು ಕೊಳ್ಳುವುದು? ಹತ್ತು ವರ್ಷದ ಹಿಂದೆ ಈ ಪ್ರಶ್ನೆಗೆ ಒಂದೇ ಉತ್ತರವಿತ್ತು: ಸೀಕೋ. ಸೀಕೋ ತನ್ನ ಮೊದಲ ಡೈವ್ ವಾಚನ್ನು 1965ರಲ್ಲಿ ತಂದಿತು, 150 ಮೀಟರಿನದು, ಜಪಾನಿನ ಅಂಟಾರ್ಕ್ಟಿಕಾ ತಂಡಗಳು ಅದನ್ನು ಕಟ್ಟಿಕೊಂಡು ಹೋಗಿದ್ದವು. 1996ರಲ್ಲಿ ಎಸ್‌ಕೆಎಕ್ಸ್ 007 ಬಂತು. 200 ಮೀಟರು, ಐಎಸ್‌ಒ ಪರೀಕ್ಷೆ, 42.5 ಮಿಲಿಮೀಟರಿನ ಉಕ್ಕಿನ ಕವಚ, ನಾಲ್ಕರ ಪಕ್ಕದಲ್ಲಿ ತಿರುಪು. ಒಳಗಿನ ಯಂತ್ರಕ್ಕೆ ಕೈಯಿಂದ ಕೀಲಿ ಕೊಡಲೂ ಆಗದು, ಸೆಕೆಂಡು ಮುಳ್ಳನ್ನು ತಡೆಯಲೂ ಆಗದು. ಅಲುಗಾಡಿಸಿಯೇ ಎಬ್ಬಿಸಬೇಕು. ಆದರೆ ಹತ್ತಾರು ವರ್ಷ ಯಾರೂ ಎಣ್ಣೆ ಹಾಕದಿದ್ದರೂ ಓಡಿದ ವಾಚುಗಳಿವೆ. ಇಪ್ಪತ್ತು ವರ್ಷಕ್ಕೂ ಮೀರಿ ಮಾರಿ, 2019ರ ಹೊತ್ತಿಗೆ ಸೀಕೋ ಅದನ್ನು ನಿಲ್ಲಿಸಿತು. ಈಗ ಹಳೆಯ ವಾಚುಗಳಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಕೇಳುತ್ತಾರೆ. ಅಷ್ಟು ಕೊಡಬೇಡಿ.

ಅದೇ 2019ರಲ್ಲಿ ಸೀಕೋ 5 ಸ್ಪೋರ್ಟ್ಸ್ ಎಂಬ ಸಾಲು ಹೊಸ ರೂಪದಲ್ಲಿ ಬಂತು. ನೋಡಲು ಥೇಟ್ ಎಸ್‌ಕೆಎಕ್ಸ್. ಅದೇ ಕವಚ, ಅದೇ ಮುಳ್ಳು, ಅದೇ ಅಂಚು, ಯಂತ್ರ ಇನ್ನೂ ಉತ್ತಮ. ಆದರೆ ತಿರುಪು ಸ್ಕ್ರೂ ಅಲ್ಲ, ಎಳೆದು ಒತ್ತುವಂಥದ್ದು. ಆಳ 100 ಮೀಟರ್. ‘ಡೈವರ್ಸ್’ ಎಂಬ ಬರಹ ಇಲ್ಲ. ವಾಚು ಕೆಟ್ಟದ್ದಲ್ಲ, ಕಂಪನಿ ಏನನ್ನೂ ಮುಚ್ಚಿಟ್ಟಿಲ್ಲ. ಹಿಂಬದಿ ಓದದೆ ಚಹರೆ ನೋಡಿ ಕೊಂಡವರು ಮಾತ್ರ ಇದನ್ನೂ ಡೈವ್ ವಾಚೆಂದೇ ತಿಳಿದಿದ್ದಾರೆ. ನಿಜವಾದ ಡೈವ್ ವಾಚು ಬೇಕಾದರೆ ಸೀಕೋದಲ್ಲಿ ಪ್ರಾಸ್ಪೆಕ್ಸ್ ಸಾಲಿಗೆ ಹೋಗಬೇಕು, ಅಲ್ಲಿನ ಬೆಲೆ ವರ್ಷ ವರ್ಷಕ್ಕೂ ಏರಿ ನಾವು ಹಾಕಿಕೊಂಡ ಮೂವತ್ತು ಸಾವಿರದ ಗೆರೆಯನ್ನು ದಾಟಿದೆ.

ಒರಿಯೆಂಟ್ ಎಂಬುದು ಸೀಕೋ ಬಳಗದ್ದೇ ಇನ್ನೊಂದು ಹೆಸರು, ಸೀಕೋ ಎಪ್ಸನ್‌ನ ಒಡೆತನದ್ದು. ಅದರ ಕಮಾಸು ಎಂಬ ವಾಚಿಗೆ ಸಫೈರ್ ಗಾಜಿದೆ. ವಜ್ರದ ಗಡಸು 10 ಎಂದರೆ ಸಫೈರಿನದು 9. ಗೋಡೆಗೆ, ಬಾಗಿಲ ಚಿಲಕಕ್ಕೆ ತಿಕ್ಕಿದರೂ ಗೀರು ಬೀಳುವುದಿಲ್ಲ. ಜೋರಾಗಿ ಬಡಿದರೆ ಒಡೆದೀತು, ಅದು ಬೇರೆ ಮಾತು. ಸ್ಕ್ರೂ ತಿರುಪು, ಕೈಯಿಂದ ಕೀಲಿಯನ್ನೂ ಕೊಡಬಹುದಾದ ಯಂತ್ರ, 200 ಮೀಟರು. ಈ ಬೆಲೆಗೆ ಇಷ್ಟನ್ನು ಬೇರೆ ಯಾವ ಹಳೆಯ ಜಪಾನಿ ಕಂಪನಿಯೂ ಕೊಡುವುದಿಲ್ಲ. ಆದರೆ ಡಯಲಿನ ಮೇಲಿರುವುದು ‘ವಾಟರ್ ರೆಸಿಸ್ಟ್’, ‘ಡೈವರ್ಸ್’ ಅಲ್ಲ. ಈಜುಕೊಳಕ್ಕೂ ಮಲ್ಪೆಯ ತೆರೆಗೂ ಇಷ್ಟು ಸಾಕು.

ಸಿಟಿಜನ್‌ನ ಪ್ರೊಮಾಸ್ಟರ್ ಎನ್‌ವೈ 0040 ಸಾಲಿನ ವಾಚಿಗೆ ಮಾಮೂಲಿ ಮಿನರಲ್ ಗಾಜು. ನೋಟದಲ್ಲೂ ಕಮಾಸುವಿನ ಹೊಳಪಿಲ್ಲ. ತಿರುಪು ಎಂಟು ಗಂಟೆಯ ಜಾಗದಲ್ಲಿ, ಎಡಗಡೆ ಕೆಳಗೆ. ಮೊದಲು ವಿಚಿತ್ರವೆನಿಸುತ್ತದೆ, ಮುಂಗೈ ಮಡಚಿದಾಗ ತಿರುಪು ಚುಚ್ಚುವುದಿಲ್ಲವೆಂದು ಗೊತ್ತಾದ ಮೇಲೆ ಬಲಗಡೆಯ ತಿರುಪುಗಳೇ ವಿಚಿತ್ರವೆನಿಸುತ್ತವೆ. ಡಯಲಿನ ಮೇಲೆ ಸ್ಪಷ್ಟವಾಗಿ ‘ಡೈವರ್ಸ್ 200 ಮೀ.’ ಎಂದಿದೆ.

ರಷ್ಯದ ವೊಸ್ತೋಕ್ ಅಂಫಿಬಿಯಾ ವಾಚಿನ ಬಗ್ಗೆ ಹೇಳದಿದ್ದರೆ ಈ ಮಾತು ಅಪೂರ್ಣ. 1941ರಲ್ಲಿ ಜರ್ಮನ್ ಸೈನ್ಯ ಮಾಸ್ಕೋದತ್ತ ಬರುತ್ತಿದ್ದಾಗ ಅಲ್ಲಿನ ವಾಚು ಕಾರ್ಖಾನೆಯ ಯಂತ್ರಗಳನ್ನು ಕಾಮಾ ನದಿಯ ದಡದ ಚಿಸ್ತೊಪೊಲ್ ಎಂಬ ಊರಿಗೆ ಸಾಗಿಸಿದರು. ಆ ಕಾರ್ಖಾನೆ 1967ರಲ್ಲಿ 200 ಮೀಟರಿನ ಡೈವ್ ವಾಚು ಮಾಡಿತು. ಸೋವಿಯತ್ ನೌಕಾಪಡೆಗೆ ಬೇಕಿತ್ತು, ಪಶ್ಚಿಮದ ಪೇಟೆಂಟುಗಳನ್ನು ಬಳಸುವಂತಿರಲಿಲ್ಲ, ನಯವಾದ ಬಿಡಿಭಾಗ ಮಾಡುವ ಯಂತ್ರಗಳೂ ಇರಲಿಲ್ಲ. ಮಿಖಾಯಿಲ್ ನೊವಿಕೋವ್ ಮತ್ತು ವೆರಾ ಬೆಲೋವಾ ಎಂಬ ವಿನ್ಯಾಸಕರು ನೀರಿನ ಒತ್ತಡವನ್ನು ತಡೆಯುವ ಬದಲು ಅದನ್ನೇ ಕೆಲಸಕ್ಕೆ ಹಚ್ಚಿದರು. ಗಾಜು ಗಾಜಲ್ಲ, 3 ಮಿಲಿಮೀಟರ್ ದಪ್ಪದ ಅಕ್ರಿಲಿಕ್. ಆಳಕ್ಕೆ ಹೋದಂತೆ ನೀರು ಅದನ್ನು ಒತ್ತಿ ಚಪ್ಪಟೆ ಮಾಡುತ್ತದೆ, ಅದು ಅಗಲವಾಗಿ ಕವಚದ ಅಂಚಿಗೆ ಇನ್ನೂ ಬಿಗಿಯಾಗಿ ಕೂರುತ್ತದೆ. ಹಿಂಬದಿಯ ಮುಚ್ಚಳವನ್ನು ತಿರುಗಿಸಿ ಹಾಕುವುದಿಲ್ಲ. ಮುಚ್ಚಳ ಅಲುಗಾಡದೆ ತನ್ನ ಕಚ್ಚಿನಲ್ಲಿ ಕೂರುತ್ತದೆ, ಅದರ ಮೇಲೆ ಬೇರೊಂದು ಉಂಗುರವನ್ನು ತಿರುಗಿಸಿ ಬಿಗಿಯುತ್ತಾರೆ. ಹಾಗಾಗಿ ಗ್ಯಾಸ್ಕೆಟ್ ತಿರುಚಿಕೊಳ್ಳುವುದಿಲ್ಲ. ನೀರು ಒತ್ತಿದಷ್ಟೂ ಮುಚ್ಚಳ ಬಿಗಿ.

ಅಂಫಿಬಿಯಾದ ತಿರುಪು ಬಿಚ್ಚಿದರೆ ಲಟಲಟ ಅಲ್ಲಾಡುತ್ತದೆ. ಹೊಸದಾಗಿ ಕೊಂಡವರು ಮುರಿದದ್ದನ್ನು ಕಳಿಸಿದ್ದಾರೆಂದು ಗಾಬರಿಯಾಗುತ್ತಾರೆ. ಅದು ಬೇಕೆಂದೇ ಮಾಡಿದ್ದು. ತಿರುಪಿಗೆ ಬಿದ್ದ ಏಟು ಒಳಗಿನ ಯಂತ್ರಕ್ಕೆ ತಲುಪದಿರಲಿ ಎಂದು ಎರಡರ ನಡುವೆ ಸಡಿಲ ಬಿಟ್ಟಿದ್ದಾರೆ. ಅಂಚು ಮಾತ್ರ ಎರಡೂ ಕಡೆ ತಿರುಗುತ್ತದೆ, ಅಕ್ರಿಲಿಕ್ ಗಾಜಿಗೆ ಗೀರು ಬಲು ಬೇಗ ಬೀಳುತ್ತದೆ. ಸ್ವಲ್ಪ ಪಾಲಿಶ್ ಹಾಕಿ ಬಟ್ಟೆಯಲ್ಲಿ ತಿಕ್ಕಿದರೆ ಗೀರು ಹೋಗುತ್ತದೆ, ಸಫೈರಿನಲ್ಲಿ ಅದಾಗದು. ಅಗ್ಗದ ವಸ್ತುವಿನಲ್ಲಿ ಇಷ್ಟು ಬುದ್ಧಿ ಖರ್ಚಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯದಿಂದ ತರಿಸುವುದು, ಹಣ ಕಳಿಸುವುದು ತೊಡಕಿನ ಕೆಲಸ. ಸಿಕ್ಕರೆ ಎರಡನೆಯ ವಾಚಾಗಿ ಕೊಳ್ಳಿ.

ಚೀನಾದ ಹತ್ತಾರು ಹೊಸ ಕಂಪನಿಗಳ ವಾಚುಗಳೂ ಸಿಗುತ್ತವೆ. ಸಫೈರ್ ಗಾಜು, ಸೆರಾಮಿಕ್ ಅಂಚು, ಒಳಗೆ ಸೀಕೋದವರೇ ಬೇರೆಯವರಿಗೆ ಮಾರುವ ಎನ್‌ಎಚ್ 35 ಯಂತ್ರ. ಕಾಗದದ ಮೇಲೆ ಎಲ್ಲರನ್ನೂ ಸೋಲಿಸುತ್ತವೆ. ಹೆಚ್ಚಿನವು ರೋಲೆಕ್ಸಿನ ಪಡಿಯಚ್ಚು. ತಮ್ಮದೇ ಹೆಸರು ಹಾಕಿಕೊಂಡಿರುವುದರಿಂದ ನಕಲಿ ಎನ್ನಲಾಗದು, ಆದರೆ ಕೆಟ್ಟರೆ ಯಾರನ್ನು ಕೇಳುವುದು ಎಂಬುದಕ್ಕೆ ಉತ್ತರವಿಲ್ಲ. ನನಗೆ ಬೇಡ. ಎನ್‌ಎಚ್ 35 ಮಾತ್ರ ಒಳ್ಳೆಯ ಯಂತ್ರವೇ, ಕೆಟ್ಟಾಗ ಪೂರಾ ಸರ್ವಿಸ್ ಮಾಡಿಸುವುದಕ್ಕಿಂತ ಹೊಸ ಯಂತ್ರ ಹಾಕಿಸುವುದೇ ಅಗ್ಗವಾಗಬಹುದು.

ಮೂರ್ನಾಲ್ಕು ಸಾವಿರಕ್ಕೆ ‘ಹಳೆಯ ಸೀಕೋ ಡೈವರ್, ಒರಿಜಿನಲ್’ ಎಂದು ಆನ್‌ಲೈನಿನಲ್ಲಿ ಕಾಣುವ ವಾಚುಗಳಿಂದ ದೂರ ಇರಿ. ಹಳೆಯ ಡಯಲಿಗೆ ಹೊಸ ಬಣ್ಣ ಬಳಿದು, ಯಾವುದೋ ಕವಚಕ್ಕೆ ಯಾವುದೋ ಯಂತ್ರ ಕೂರಿಸಿ ಮಾರುವ ದಂಧೆ ನಮ್ಮ ದೇಶದಲ್ಲಿ ಬಹುಕಾಲದಿಂದ ಇದೆ. ಹಳೆಯ ಎಚ್‌ಎಂಟಿಗಳ ಪಾಡೂ ಅದೇ. ಡಯಲಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ: ಮೂಲ ಮುದ್ರಣದ ಅಂಚು ಚೂಪಾಗಿರುತ್ತದೆ, ಮರುಬಣ್ಣದ್ದು ಹರಡಿಕೊಂಡಿರುತ್ತದೆ. ಹಳೆಯದು ಅಪ್ಪಟವೇ ಆಗಿದ್ದರೂ ಪ್ರೆಷರ್ ಪರೀಕ್ಷೆ ಮಾಡಿಸದೆ ನೀರಿಗೆ ತಾಗಿಸಬೇಡಿ.

ಅಳತೆ ನೋಡುವಾಗ ಅಗಲವೊಂದನ್ನೇ ನೋಡಬೇಡಿ. ಪಟ್ಟಿ ಸಿಕ್ಕಿಸುವ ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ಕೊಂಬಿನ ತುದಿಯವರೆಗಿನ ಉದ್ದ ನಿಮ್ಮ ಮಣಿಕಟ್ಟಿನ ಅಗಲದೊಳಗೆ ಇರಬೇಕು. ಚರ್ಮದ ಪಟ್ಟಿ ನಮ್ಮ ಕರಾವಳಿಯ ಸೆಕೆಗೆ ಒಂದು ಬೇಸಿಗೆಯೂ ಬಾಳುವುದಿಲ್ಲ. ರಬ್ಬರೋ ನೈಲಾನೋ ಇರಲಿ.

ಬೆಲೆಯ ಬಗ್ಗೆ ಒಂದು ಎಚ್ಚರ. ಹೊರದೇಶದ ಅಂಗಡಿಯ ಬೆಲೆ ಕಡಿಮೆ ಕಾಣುತ್ತದೆ, ಅದಕ್ಕೆ ಆಮದು ಸುಂಕ, ಜಿಎಸ್‌ಟಿ, ಕೊರಿಯರಿನವರ ಶುಲ್ಕ ಸೇರಿದರೆ ಲಾಭ ಕರಗುತ್ತದೆ, ಇಲ್ಲಿ ವಾರಂಟಿಯೂ ನಡೆಯದಿರಬಹುದು. ನೀರಿಗೆ ಹೆದರದ ವಾಚು ಸಾಕು, ಯಂತ್ರದ ಮೋಹ ಇಲ್ಲ ಎನ್ನುವವರು ಕಾಸಿಯೊದ ಡ್ಯೂರೊ ಕೊಳ್ಳಿ. ಸೆಲ್ ಹಾಕಿದ ಕ್ವಾರ್ಟ್ಜ್, 200 ಮೀಟರು, ಸ್ಕ್ರೂ ತಿರುಪು, ಕಮಾಸು, ಪ್ರೊಮಾಸ್ಟರುಗಳ ಅರ್ಧಕ್ಕಿಂತ ಕಡಿಮೆ ಬೆಲೆ. ಆಟೊಮ್ಯಾಟಿಕ್ ಕೊಳ್ಳುವುದು ಯಂತ್ರದ ಮೇಲಿನ ಆಸೆಯಿಂದ, ಉಳಿತಾಯದಿಂದಲ್ಲ.

ಕಚೇರಿ, ಮಳೆ, ಬೈಕು, ಈಜುಕೊಳ, ಇಷ್ಟಕ್ಕೆ ಬೇಕಾದವರು ಒರಿಯೆಂಟ್ ಕಮಾಸು ನೋಡಿ. ನನ್ನ ಮಟ್ಟಿಗೆ ಹೇಳುವುದಾದರೆ, ಒಂದೇ ವಾಚು ಕೊಳ್ಳುವುದಿದ್ದರೆ ಸಿಟಿಜನ್ ಪ್ರೊಮಾಸ್ಟರನ್ನೇ ಕೊಳ್ಳುತ್ತೇನೆ. ಗಾಜಿಗೆ ಗೀರು ಬಿದ್ದರೆ ಬದಲಿಸಬಹುದು. ಬರೆದ ಆಳಕ್ಕೆ ಕಂಪನಿ ಜವಾಬು ಹೇಳುವ ವಾಚು ಈ ಬೆಲೆಯಲ್ಲಿ ಈಗ ಅಪರೂಪ. ಯಾವುದನ್ನೇ ಕೊಳ್ಳಿ, ಅಧಿಕೃತ ಅಂಗಡಿಯಲ್ಲಿ ಕೊಂಡು ಬಿಲ್ಲು, ವಾರಂಟಿ ಕಾರ್ಡು ಜೋಪಾನ ಮಾಡಿ. ಕಡಲಿಗೆ ಹೋಗಿ ಬಂದ ದಿನ ತಿರುಪು ಬಿಗಿಯಿದೆಯೇ ನೋಡಿ ಸಿಹಿನೀರಿನಲ್ಲಿ ತೊಳೆಯಿರಿ. ಎರಡು ಮೂರು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಗ್ಯಾಸ್ಕೆಟ್ ಬದಲಿಸಿ ಪ್ರೆಷರ್ ಪರೀಕ್ಷೆ ಮಾಡಿಸಿ.